ನೆಲ ನೋಡಿ ಹೇಳಿದ ಮಾತು

ಅವರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿ, ಕೊರಳಿಗೆ ಹೂವಿನ ಹಾರ ಹಾಕಿ, ಬಂದವರನ್ನು ಮಾತನಾಡಿಸಲು ಕೂತಿದ್ದಾರೇನೋ ಎನ್ನುವಂತೆ ಕೂರಿಸುತ್ತಾರೆ. ತಲೆ ಬಾಗದಿರಲೆಂದು ಗದ್ದದ ಕೆಳಗಿನಿಂದ ಬಿಳಿ ಬಟ್ಟೆ ಕಟ್ಟಿದ್ದರು. ಭಜನೆಯವರು ಬಾಗಿಲ ಬಳಿ ತಾಳ ಹಾಕುತ್ತಿದ್ದರು. ಹೆಂಗಸರ ಸಾಲಿನಲ್ಲಿ ಕೂತು ನಾನು ಆ ಮುಖ ನೋಡಿದೆ. ಪಕ್ಕದ ಮನೆಯಲ್ಲೇ ಬೆಳೆದಿದ್ದರೂ ಅದನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿದ್ದರಿಂದ ಅದು ಸಾಧ್ಯವಾಯಿತು.

"ಬಾಯಾರ ಮುಂದ ಸುಳ್ಳು ಹೇಳಾಕ ಯಾರಿಗೂ ಆಗ್ತಿದ್ದಿಲ್ಲ ನೋಡ್ರಿ," ಎಂದರು ಓಣಿಯ ಒಬ್ಬ ಹೆಂಗಸು. "ಕಣ್ಣಾಗ ಕಣ್ಣಿಟ್ರು ಅಂದ್ರ ಹೊಟ್ಟ್ಯಾಗಿಂದು ಹೊರಗ ಬರ್ತಿತ್ತು."

"ಹೌದ್ರಿ ಯವ್ವಾ, ಅಂಥಾ ಕಣ್ಣು ಮತ್ತ ಹುಟ್ಟಂಗಿಲ್ಲ," ಎಂದರು ಇನ್ನೊಬ್ಬರು.

ಎಲ್ಲರೂ ತಲೆಯಾಡಿಸಿದರು. ನನ್ನ ತಾಯಿಯೂ ಆಡಿಸಿದಳು. ಬಂದವರಿಗೆ ಚಹಾ ಮಾಡುವ ನೆಪ ಹೇಳಿ ನಾನು ಎದ್ದು ಮನೆಗೆ ಬಂದೆ. ಅಕ್ಕ ದೇವದುರ್ಗದಿಂದ ಹೊರಟಿದ್ದಾಳೆ ಎಂದು ಗೊತ್ತಿತ್ತು. ಅವಳು ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕಿತ್ತು.

ಓಣಿಗೆಲ್ಲ ಅವರು 'ಬಾಯಾರು', ನನಗೂ ಅಕ್ಕನಿಗೂ 'ದೊಡ್ಡವ್ವ'. ರಕ್ತಸಂಬಂಧವೇನೂ ಇರಲಿಲ್ಲ. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದರು. ನ್ಯಾಯಾಧೀಶರ ಕೆಳಗೆ ಕೂತು, ಸಾಕ್ಷಿಗೆ ಬಂದವರಿಂದ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸುವ ಕೆಲಸ. ಗಂಡ ತೀರಿಕೊಂಡ ಮೇಲೆ ಸಿಕ್ಕ ನೌಕರಿ ಅದು. ದೇವದುರ್ಗ, ಮಾನ್ವಿ ಎಂದು ವರ್ಗವಾಗುತ್ತ ಕೊನೆಗೆ ರಾಯಚೂರಿನಲ್ಲಿ ನಿವೃತ್ತರಾದರು. ಪ್ರಮಾಣ ಮಾಡಿದವರಲ್ಲಿ ಅರ್ಧ ಜನ ಮರುಗಳಿಗೆಯೇ ಸುಳ್ಳು ಹೇಳುವುದನ್ನು ಒಂದೂವರೆ ಮಾರು ದೂರದಿಂದ ನೋಡುತ್ತ ಅವರ ಆಯುಷ್ಯ ಸವೆದಿತ್ತು. ಅದರಿಂದ ಅವರಿಗೊಂದು ಶಾಸ್ತ್ರ ಹುಟ್ಟಿಕೊಂಡಿತ್ತು. ಸುಳ್ಳು ಹೇಳುವವನು ನೆಲ ನೋಡುತ್ತಾನೆ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾನೆ. ಮೂಗು ಒರೆಸಿಕೊಳ್ಳುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ನೀರು ಕೇಳುತ್ತಾನೆ.

"ಬಾಯಿಗಿ ವಕೀಲರು ಕಲಸ್ತಾರ," ಎನ್ನುತ್ತಿದ್ದರು. "ಕಣ್ಣಿಗಿ ಯಾರು ಕಲಸ್ತಾರ?"

ಈ ಮಾತು ಹೇಳಿದಾಗಲೆಲ್ಲ ಎರಡು ಬೆರಳನ್ನು ತಮ್ಮ ಕಣ್ಣಿನ ಹತ್ತಿರ ತಂದು, ಆಮೇಲೆ ಎದುರಿನವರ ಕಡೆ ತಿರುಗಿಸುತ್ತಿದ್ದರು. ಚಿಕ್ಕವಳಿದ್ದಾಗ ಆ ಬೆರಳುಗಳಿಗೆ ನಾನು ಹೆದರುತ್ತಿದ್ದೆ. ನನಗೆ ಯಾರ ಮುಖವನ್ನೂ ದಿಟ್ಟಿಸಿ ನೋಡಿ ಮಾತನಾಡುವ ಅಭ್ಯಾಸವಿಲ್ಲ. ಇವತ್ತಿಗೂ ಇಲ್ಲ. ಹಾಗಾಗಿ ಅವರ ಲೆಕ್ಕದಲ್ಲಿ ನಾನು ಹುಟ್ಟಾ ಸುಳ್ಳುಗಾರ್ತಿ. "ಲೇ, ಇದು ಮ್ಯಾಲೆ ನೋಡಂಗಿಲ್ಲ, ಇದರ ಹೊಟ್ಟ್ಯಾಗ ಏನೋ ಅದ," ಎಂದು ನಗುತ್ತಿದ್ದರು. ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ.

ಅವರ ಶಾಸ್ತ್ರಕ್ಕೆ ಓಣಿಯಲ್ಲಿ ಎದುರು ನಿಂತವನು ಒಬ್ಬನೇ, ಹಾಲು ಹಾಕುವ ಚಾಚಾ. ಒಂದು ಬೆಳಿಗ್ಗೆ ದೊಡ್ಡವ್ವ ಪಾತ್ರೆ ಹಿಡಿದುಕೊಂಡು ಅವನ ಕಾಲನ್ನೇ ನೋಡುತ್ತ, "ನೀರು ಹಾಕಿಲ್ಲಂತ ಹೇಳು ನೋಡೂಣು," ಎಂದರು.

"ಖುದಾ ಕೀ ಕಸಮ್ ಬಾಯೀ, ಏಕ್ ಬೂಂದ್ ನೈ. ಒಂದು ಹನೀನೂ ಇಲ್ಲ."

"ಹೆಬ್ಬಟ್ಟು ಹೊಳ್ಳಾಡಾಕತ್ತದ ನಿಂದು."

ಮರುದಿನದಿಂದ ಚಾಚಾ ಲುಂಗಿಯ ಕೆಳಗೆ ಕರಿ ಬೂಟು ಹಾಕಿಕೊಂಡು ಬರತೊಡಗಿದ. ಎಲ್ಲಿಂದ ತಂದಿದ್ದನೋ, ಲೇಸು ಇರಲಿಲ್ಲ. ಬಾಗಿಲಲ್ಲಿ ನಿಂತು, "ಬಾಯೀ, ಹಾಲು ನೋಡ್ರಿ. ಕಾಲು ಯಾಕ ನೋಡ್ತೀರಿ?" ಎಂದ. ಓಣಿಯೆಲ್ಲ ನಕ್ಕಿತು. ದೊಡ್ಡವ್ವನೂ ನಕ್ಕರು. ಆ ಮಾತನ್ನು ಯಾರೂ ತಮಾಷೆಗಿಂತ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ.

ಅವರ ಹೆಸರು ನಿಜವಾಗಿ ಹರಡಿದ್ದು ಒಂದು ಹೆಣ್ಣು ನೋಡುವ ಶಾಸ್ತ್ರದಿಂದ. ನಮ್ಮ ಹಿತ್ತಲಿನಾಚೆಯ ಮನೆಯ ಹುಡುಗಿಯನ್ನು ನೋಡಲು ಬಂದವನು ತನ್ನದೇ ಅಕ್ಕಿ ಗಿರಣಿ ಇದೆ ಎಂದಿದ್ದ. ಅವನ ಹೆಬ್ಬೆರಳು ಜಮಖಾನೆಯನ್ನು ಕೆರೆಯುವುದನ್ನು ನೋಡಿ ದೊಡ್ಡವ್ವ ಬೇಡವೆಂದರು. ವಿಚಾರಿಸಿದರೆ ಗಿರಣಿ ಅವನ ಸೋದರಮಾವನದು. ಅಲ್ಲಿಂದ ಮುಂದೆ ಯಾರ ಮನೆಗೆ ಗಂಡು ಬರುವುದಿದ್ದರೂ ಮೊದಲು ಇವರಿಗೆ ಹೇಳಿ ಕಳಿಸುವುದು ರೂಢಿಯಾಯಿತು. ಇಳಕಲ್ ಸೀರೆ ಉಟ್ಟು, ಚಾಳೀಸಿನ ಗಾಜು ಒರೆಸಿಕೊಂಡು ಬಂದು, ಗಂಡಿನ ಎದುರಿಗೆ ಕೂರುತ್ತಿದ್ದರು. ಅವರು ಬೇಡವೆಂದ ಗಂಡುಗಳು ಎದ್ದು ಹೋಗುತ್ತಿದ್ದರು. ಆ ತೀರ್ಪು ತಪ್ಪಿತ್ತು ಎಂದು ಹೇಳಲು ತಿರುಗಿ ಬರುತ್ತಿರಲಿಲ್ಲ. ಒಮ್ಮೆ ನಿಜವಾದದ್ದನ್ನು ಎಲ್ಲರೂ ನೆನಪಿಟ್ಟುಕೊಂಡರು.

ಅಕ್ಕನನ್ನು ನೋಡಲು ಮೊದಲು ಬಂದವರು ಗಬ್ಬೂರಿನವರು. ಹುಡುಗ ಪ್ರಾಥಮಿಕ ಶಾಲೆಯ ಮಾಸ್ತರ. ಅಕ್ಕನಿಗೆ ಸೀರೆ ಉಡಿಸುತ್ತ ದೊಡ್ಡವ್ವ, "ನೆಲ ನೋಡ್ಕೋಂತ ಬರಬೇಕು, ನೆಲ ನೋಡ್ಕೋಂತ ಹೋಗಬೇಕು. ಕಣ್ಣು ಎತ್ತಿದ್ರ ಹುಡುಗಿ ಭಾಳ ಜೋರದಾಳ ಅಂತಾರ," ಎಂದರು. ಅಕ್ಕ ಹಾಗೆಯೇ ಬಂದಳು, ಹಾಗೆಯೇ ಹೋದಳು. ಹುಡುಗನೂ ನೆಲವನ್ನೇ ನೋಡುತ್ತಿದ್ದ. ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಇಬ್ಬರು ಒಂದೇ ಜಮಖಾನೆ ನೋಡುತ್ತಿದ್ದರು. ಒಬ್ಬಳದು ನಾಚಿಕೆ, ಒಬ್ಬನದು ಕಳ್ಳತನ.

ಅವನು ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಕಚ್ಚಿದ ಹೊತ್ತಿಗೇ ದೊಡ್ಡವ್ವ ಕೇಳಿದರು. "ಕುಡೀತಿರೇನು?"

"ಇಲ್ರೀ ಯವ್ವಾ."

ಅಷ್ಟು ಹೇಳಿ ಮೂಗು ಒರೆಸಿಕೊಂಡ. ಕಣ್ಣಲ್ಲಿ ನೀರು ಬಂದಿತ್ತು. ಚಂಬೆತ್ತಿ ಗಟಗಟ ನೀರು ಕುಡಿದ.

ಅಡುಗೆಮನೆಯಲ್ಲಿ ತೀರ್ಪಾಯಿತು. "ಕುಡೀತಾನ. ನೀರು ಹೆಂಗ ಕುಡದ ನೋಡಿದಿಲ್ಲ?"

"ಮಿರ್ಚಿ ಖಾರ ಇದ್ದೂ ಬಾಯಾರ," ಎಂದಳು ಅವ್ವ ಮೆಲ್ಲಗೆ.

"ಖಾರ ಎಲ್ಲಾರಿಗೂ ಖಾರ. ಅವರಪ್ಪನೂ ತಿಂದ. ಅವ ಕುಡದನೇನು?"

ಅವರು ಹೋದ ಮೇಲೆ ಅಕ್ಕ ನನ್ನೊಬ್ಬಳಿಗೇ ಹೇಳಿದಳು: "ನಾ ಮಾರಿ ನೋಡಿಲ್ಲ. ಕಾಲು ನೋಡೀನಿ. ಉಗುರು ಬೇಸು ಕತ್ತರಿಸಿಕೊಂಡಾನ." ಅವಳಿಗೆ ಆ ಸಂಬಂಧ ಇಷ್ಟವಾಗಿತ್ತು ಎಂಬುದಕ್ಕೆ ಸಿಕ್ಕ ಮಾತು ಅದೊಂದೇ. ಅಪ್ಪ ಗಬ್ಬೂರಿಗೆ ಫೋನು ಮಾಡಿ, ಜಾತಕ ಕೂಡಲಿಲ್ಲ ಎಂದರು.

ಮಾನ್ವಿಯ ಹುಡುಗ ಬಂದಾಗ ಬಾಗಿಲಲ್ಲೇ ಎಲ್ಲರ ಕಣ್ಣು ನೋಡಿ ನಮಸ್ಕಾರ ಮಾಡಿದ. ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕ, ನಮ್ಮ ಕಡೆಯವರ 'ಎಣ್ಣಿ', ಮಾರುವ ಕಂಪನಿಯಲ್ಲಿ ಅವನಿಗೆ ಕೆಲಸ. ಬೆನ್ನು ನೆಟ್ಟಗೆ, ಅಂಗೈ ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೂತ.

"ಕೇಳ್ರಿ ಯವ್ವಾ, ಏನು ಕೇಳಬೇಕಂತೀರಿ ಕೇಳ್ರಿ," ಎಂದು ತಾನೇ ಶುರು ಮಾಡಿದ.

"ಕುಡೀತಿರೇನು?"

"ಇಲ್ಲ."

"ಸಿಟ್ಟು?"

"ಮನುಷ್ಯಾಗ ಬರ್ತದ್ರಿ. ಕೈ ಮಾತ್ರ ಎತ್ತಂಗಿಲ್ಲ."

ರೆಪ್ಪೆ ಅಲುಗಲಿಲ್ಲ. ನೀರು ಮುಟ್ಟಲಿಲ್ಲ. ದೊಡ್ಡವ್ವ ಅಪ್ಪನ ಕಡೆ ತಿರುಗಿ ಅವನೆದುರಿಗೇ, "ಇದು ಕಣ್ಣಂದ್ರ," ಎಂದರು.

ಮನೆ ನೋಡುವುದಕ್ಕೆ ಮಾನ್ವಿಗೆ ಹೋದೆವು. ದೊಡ್ಡವ್ವ ಜೊತೆಗಿದ್ದರು. ಊಟವಾದ ಮೇಲೆ ಅವನು ತನ್ನ ಕೆಲಸದ ಬಗ್ಗೆ ಹೇಳುತ್ತ ಉತ್ಸಾಹದಲ್ಲಿದ್ದ. "ಕಂಪನ್ಯಾಗ ಮೊದಲು ಕಲಸೋದು ಎಣ್ಣಿ ಬಗ್ಗೆ ಅಲ್ರೀ. ರೈತನ ಕಣ್ಣಾಗ ಕಣ್ಣಿಟ್ಟು ಮಾತಾಡಬೇಕು, ಕೈ ಹಿಂಗ ತೆರದು ಇಡಬೇಕು. ಎಣ್ಣಿ ತಾನ ಮಾರಾಟ ಆಗ್ತದ. ಕನ್ನಡಿ ಮುಂದ ನಿಂದರಿಸಿ ಕಲಸ್ತಾರ್ರಿ."

ಎಲ್ಲರೂ ನಕ್ಕರು. ನಾನು ದೊಡ್ಡವ್ವನ ಕಡೆ ನೋಡಿದೆ. ಅವರೂ ನಗುತ್ತಿದ್ದರು. ಕಣ್ಣಿಗೆ ಯಾರು ಕಲಿಸುತ್ತಾರೆ ಎಂದು ಜೀವಮಾನವೆಲ್ಲ ಕೇಳಿದವರಿಗೆ ಉತ್ತರ ಎದುರಿಗೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಬರುವಾಗ ನಾನು ಅದನ್ನೇ ಹೇಳಿದೆ. ಅಪ್ಪ ಕಿಟಕಿಯ ಹೊರಗೆ ನೋಡಿದರು. ದೊಡ್ಡವ್ವ ನನ್ನ ತೊಡೆ ತಟ್ಟಿ, "ನೀ ಕಾಲೇಜು ಓದಾಕಿ, ಇದ್ದಿದ್ದಕ್ಕಿಂತ ಹೆಚ್ಚು ಯೋಚನಿ ಮಾಡ್ತಿ. ಅದೂ ನೆಲ ನೋಡ್ಕೋಂತ ಹೇಳಾಕತ್ತಿ," ಎಂದರು.

ಮದುವೆಯಾದ ವರ್ಷದೊಳಗೆ ಅಕ್ಕ ಒಂದು ದಿನ ಒಬ್ಬಳೇ ಬಂದಳು. ಅವ್ವ ಕೇಳಿದಾಗ ಪಾತ್ರೆ ತೊಳೆಯಲು ಎದ್ದು ಹೋದಳು. ಸಂಜೆಗೆ, "ಹೊಡೀತಾನ," ಎಂದಳು. ಅಪ್ಪನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಗಂಜ್‌ನ ದಲ್ಲಾಳಿ ಅಂಗಡಿಯಲ್ಲಿ ಹತ್ತಿಯ ತೂಕ ನೋಡುವ ಮನುಷ್ಯ ಅವರು. ಮನೆಯ ಮಾತು ಅವರಿಗೆ ತೂಕಕ್ಕೆ ಸಿಗುತ್ತಿರಲಿಲ್ಲ. ಪಕ್ಕದ ಮನೆಗೆ ಹೇಳಿ ಕಳಿಸಿದರು.

ದೊಡ್ಡವ್ವ ಬಂದು ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ಎರಡು ಬೆರಳು ಎತ್ತಿದರು. "ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಹೊಡೀತಾನೇನು?"

ಅಕ್ಕ ನೆಲ ನೋಡುತ್ತಿದ್ದಳು. ನೆಲ ನೋಡು ಎಂದು ಕಲಿಸಿದವರ ಎದುರಿಗೇ ಕೂತಿದ್ದಳು. "ಹೂಂ," ಎಂದಳು. ಹೇಳುವಾಗ ಅವಳ ತುಟಿಯಲ್ಲಿ ಸಣ್ಣ ನಗು ಬಂತು. ನಾಚಿಕೆಯಾದಾಗ, ಹೆದರಿದಾಗ ಅವಳಿಗೆ ಹಾಗಾಗುತ್ತದೆ. ಪರೀಕ್ಷೆಯಲ್ಲಿ ಫೇಲಾದಾಗಲೂ ಹಾಗೆಯೇ ನಕ್ಕು ಅಪ್ಪನಿಂದ ಬೈಸಿಕೊಂಡಿದ್ದಳು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹೊಡಿಸಿಕೊಂಡಾಕಿ ನಗ್ತಾಳೇನು?" ಎಂದರು ದೊಡ್ಡವ್ವ.

"ಆಕಿ ಹಂಗ ನಗ್ತಾಳ್ರಿ," ಎಂದೆ ನಾನು. "ಆಕಿ ಸುಳ್ಳು ಹೇಳಾಕತ್ತಿಲ್ಲ."

"ನಿನಗ ಕೇಳಿಲ್ಲ."

ಮರುದಿನ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಯಾರೂ ಕೇಳುವ ಮೊದಲೇ ದೊಡ್ಡವ್ವನ ಎದುರಿಗೆ ಕೂತು, "ನನ್ನ ಕಣ್ಣು ನೋಡ್ರಿ ಯವ್ವಾ," ಎಂದ. "ನಾ ಕೈ ಎತ್ತಿದ್ರ ಈ ಕೈ ಬಿದ್ದು ಹೋಗ್ಲಿ." ಎರಡೂ ಅಂಗೈ ತೆರೆದು ತೋರಿಸಿದ. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಸಂಶಯಕ್ಕೆ ಸಣ್ಣ ಜಾಗವೂ ಕೊಡದೆ ಅವನೂ ಅವರ ಕಣ್ಣನ್ನೇ ನೋಡಿದ.

"ಹೊಸದಾಗಿ ಹೋದಾಕಿ, ಬ್ಯಾಸರ ಆಗ್ಯಾದ. ಕಳಸ್ರಿ," ಎಂದರು ಅಪ್ಪನಿಗೆ.

ಕಳಿಸಿದರು. ಆಟೋದಲ್ಲಿ ಕೂರುವಾಗಲೂ ಅಕ್ಕನ ತುಟಿಯಲ್ಲಿ ಆ ನಗು ಇತ್ತು.

ಮುಂದಿನ ಸಲ ಅಕ್ಕ ಬಂದದ್ದು ಆಸ್ಪತ್ರೆಯಿಂದ. ಎಡಗಿವಿಯ ಪರದೆ ಹರಿದಿದೆ, ಅದು ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಲಗಿವಿಯಲ್ಲಿಯೂ ಅರೆಬರೆ. ಬಲಗೈಯಿಂದ ಹೊಡೆಯುವವನಿಗೆ ಎಡಗೆನ್ನೆ ಸುಲಭವಾಗಿ ಸಿಗುತ್ತದೆ. ಈ ಸಲ ಅವಳು ಬಾಯಿ ಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಅಪ್ಪ ಯಾರಿಗೂ ಹೇಳಿ ಕಳಿಸಲಿಲ್ಲ.

ದೊಡ್ಡವ್ವ ತಾವಾಗಿಯೇ ಬಂದರು. ಅಕ್ಕ ಅಷ್ಟರಲ್ಲಿ ಬದಲಾಗಿದ್ದಳು. ಕಿವಿಗೆ ಪೂರ್ತಿ ಕೇಳಿಸದವರು ಮಾತು ತಿಳಿಯಬೇಕಾದರೆ ಎದುರಿನವರ ಮುಖ ನೋಡಲೇಬೇಕು. ತುಟಿ ಹೇಗೆ ಆಡುತ್ತದೆ, ಕಣ್ಣು ಏನು ಹೇಳುತ್ತದೆ, ಎಲ್ಲವನ್ನೂ ಒಂದೂ ಬಿಡದೆ ನೋಡಬೇಕು. ತಲೆ ತಗ್ಗಿಸಿಯೇ ಬೆಳೆದ ನನ್ನ ಅಕ್ಕ ದೊಡ್ಡವ್ವನ ಮುಖದ ಮೇಲೆ ಕಣ್ಣಿಟ್ಟು ಕೂತಳು. ಅದರಲ್ಲಿ ಸಿಟ್ಟಿರಲಿಲ್ಲ. ಅವರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದಳು, ಅಷ್ಟೆ.

ದೊಡ್ಡವ್ವ ಕ್ಯಾಲೆಂಡರು ನೋಡಿದರು. ಸೆರಗು ಸರಿಮಾಡಿಕೊಂಡರು. ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಒಂದು ಚಂಬು ನೀರು ಕೊಡು ಯವ್ವಾ."

ತಂದುಕೊಟ್ಟೆ. ಪೂರ್ತಿ ಕುಡಿದರು.

ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಓಣಿಯಲ್ಲಿ, "ಹುಡುಗ ಮೊದಲು ಬೇಸು ಇದ್ದ, ಆಮ್ಯಾಲೆ ಕೆಟ್ಟ," ಎಂದು ಹೇಳಿದರು. ಹಾಗೆಂದಾಗ ಅವರ ಶಾಸ್ತ್ರ ಕೆಡುವುದಿಲ್ಲ, ಮನುಷ್ಯ ಕೆಡುತ್ತಾನೆ. ಜನ ಒಪ್ಪಿದರು. ಮುಂದಿನ ಮದುವೆ ಸೀಸನ್ನಿಗೆ ಮತ್ತೆ ಇಳಕಲ್ ಸೀರೆ ಉಟ್ಟು ಬೇರೆಯವರ ಮನೆಯ ಗಂಡುಗಳ ಎದುರಿಗೆ ಕೂತರು.

ಅವರು ಕೆಟ್ಟ ಹೆಂಗಸಾಗಿದ್ದರೆ ಬರೆಯುವುದು ಸುಲಭವಿತ್ತು. ನಾನು ಎಂ.ಎ. ಪಾಸಾದಾಗ ಎಲ್ಲರಿಗಿಂತ ಮೊದಲು ಪೇಡೆಯ ಡಬ್ಬಿ ಹಿಡಿದು ಬಂದವರು ಅವರೇ. ಸಕ್ಕರೆ ಕಾಯಿಲೆ ಇತ್ತು. ನನಗೊಂದು ತಿನ್ನಿಸಿ, ಬಾಗಿಲಿನ ಕಡೆ ಒಮ್ಮೆ ನೋಡಿ, ತಾವು ಎರಡು ತಿಂದರು. ಅಷ್ಟರಲ್ಲಿ ಸೊಸೆ ಬಂದು, "ಅತ್ತಿ, ಪೇಡೆ ತಿಂದ್ರೇನು?" ಎಂದಳು.

"ಇಲ್ಲ ಬಿಡವ್ವ," ಎಂದರು, ಸೊಸೆಯ ಕಣ್ಣನ್ನೇ ನೋಡುತ್ತ. ಅವಳು ನಂಬಿ ಹೋದಳು. ಅವರು ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ತಮ್ಮ ಶಾಸ್ತ್ರವನ್ನು ತಾವೇ ಹುಸಿ ಮಾಡಿದ್ದು ಅವರಿಗೆ ಹೊಳೆದಂತೆ ಕಾಣಲಿಲ್ಲ. ನಾನು ನಗಲಿಲ್ಲ.

ಮಾನ್ವಿಗೆ ತಿರುಗಿ ಹೋಗದ ಅಕ್ಕ ಈಗ ದೇವದುರ್ಗದಲ್ಲಿ, ನಮ್ಮ ಸೋದರಮಾವನ ಮನೆಯ ಮುಂಭಾಗದ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಗಿರಾಕಿಗಳು ಮೊದಮೊದಲು, "ಈಕಿ ಏನ್ ಹಿಂಗ ನೋಡ್ತಾಳ, ಭಾಳ ಜೋರದಾಳ," ಎನ್ನುತ್ತಿದ್ದರಂತೆ. ಅದನ್ನು ಅವಳು ಅವರ ತುಟಿಯಲ್ಲೇ ಓದಿಕೊಂಡಳು. ಅವಳನ್ನು ನೋಡಲು ಹೋಗುವಾಗ ಒಂದು ಸಲ ಗಬ್ಬೂರಿನಲ್ಲಿ ಆ ಮಾಸ್ತರ ಬಸ್ಸು ಹತ್ತಿದ. ನನ್ನ ಗುರುತು ಸಿಕ್ಕಿರಬೇಕು. ದೇವದುರ್ಗ ಬರುವವರೆಗೆ ಬಸ್ಸಿನ ನೆಲ ನೋಡುತ್ತ ಕೂತಿದ್ದ.

ದೊಡ್ಡವ್ವ ಹಾಸಿಗೆ ಹಿಡಿದ ಮೇಲೆ ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದರು. "ನಿಮ್ಮಕ್ಕಗ ನನ್ನ ಮ್ಯಾಲೆ ಸಿಟ್ಟದ ಏನು?" ಗೊತ್ತಿಲ್ಲ ಎಂದೆ. "ಕೇಳ್ಕೊಂಡು ಬಾ ಯವ್ವಾ. ಅದೊಂದು ತಿಳಿದ್ರ ಸಾಕು ನನಗ." ಅವರ ಧ್ವನಿ ಸಣ್ಣದಾಗಿತ್ತು.

ದೇವದುರ್ಗಕ್ಕೆ ಹೋಗಿ ಕೇಳಿದೆ. ಅಕ್ಕ ಮಿಷಿನ್ನು ನಿಲ್ಲಿಸಿ ನನ್ನ ಬಾಯಿ ನೋಡಿದಳು.

"ಸಿಟ್ಟಿತ್ತು. ಹೋತು," ಎಂದಳು. "ನಿಜವಾಗಿ ಈಗ ಇಲ್ಲ. ಹಂಗಂತ ಹೇಳು, ಪಾಪ."

"ನೀನ ಬಂದು ಹೇಳ್ತಿಯೇನು?"

"ಲಗ್ನದ ಬ್ಲೌಸ್ ಅದಾವ. ನೀ ಹೇಳು. ನಂಬಂಗ ಹೇಳು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಹೇಳಲು ನನಗೆ ಅವಳ ಕಣ್ಣು, ಕಾಲು ಯಾವುದೂ ಬೇಕಿಲ್ಲ. ಅವಳು ನನ್ನ ಅಕ್ಕ.

ಮರುದಿನ ಮಧ್ಯಾಹ್ನ ಪಕ್ಕದ ಮನೆಗೆ ಹೋದೆ. ದೊಡ್ಡವ್ವ ಮಂಚದ ಮೇಲೆ ಗೋಡೆಗೆ ಒರಗಿದ್ದರು. ನಾನು ಸ್ಟೂಲಿನ ಮೇಲೆ ಕೂತೆ. ಕೆಳಗೆ ಶಹಾಬಾದ್ ಕಲ್ಲಿನ ನೆಲ. ಎರಡು ಕಲ್ಲುಗಳ ಸಂದಿಯಲ್ಲಿ ಇರುವೆಗಳು ಹೋಗುತ್ತಿದ್ದವು. ಅದನ್ನೇ ನೋಡುತ್ತ ಹೇಳಿದೆ. "ಅಕ್ಕಗ ಸಿಟ್ಟಿಲ್ಲಂತ್ರಿ. ಇತ್ತಂತ, ಹೋತಂತ. ನಿಜವಾಗಿ ಈಗ ಇಲ್ಲಂತ ಹೇಳು ಅಂದ್ಲು."

ಅವರು ಮಂಚದ ಮೇಲಿಂದ ನನ್ನ ಕಡೆ ಬಾಗಿದರು.

"ಮ್ಯಾಲೆ ನೋಡಿ ಹೇಳು."

ಇರುವೆಗಳು ಮಂಚದ ಕಾಲಿನ ತನಕ ಹೋಗಿದ್ದವು. ಕತ್ತೆತ್ತುವುದು ಕಷ್ಟದ ಕೆಲಸವಲ್ಲ. ಅದೇ ಮಾತನ್ನು ಅವರ ಕಣ್ಣು ನೋಡಿ ಒಮ್ಮೆ ಹೇಳಿದ್ದರೆ ಮುಗಿಯುತ್ತಿತ್ತು. ನಾನು ನೆಲ ನೋಡುತ್ತ, ಅದೇ ಮಾತನ್ನು, ಅಕ್ಕ ಹೇಳಿದ ಹಾಗೆಯೇ, ಇನ್ನೊಮ್ಮೆ ಹೇಳಿದೆ.

"ಸುಳ್ಳು," ಎಂದರು ದೊಡ್ಡವ್ವ. "ನನ್ನ ಸಮಾಧಾನಕ್ಕ ಹೇಳಾಕತ್ತಿ. ಆಕಿ ನನಗ ಶಾಪ ಹಾಕ್ಯಾಳ."

ಸೊಸೆ ಚಹಾ ತಂದಳು. ಕುಡಿದು, ಕಪ್ಪು ಬಸಿ ತೊಳೆದಿಟ್ಟು ಮನೆಗೆ ಬಂದೆ. ಆಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ. ನಾನು ಬಂದರೆ ಗೋಡೆಯ ಕಡೆ ಹೊರಳುತ್ತಿದ್ದರು. ಹಾಗೆಯೇ ಹೋದರು.

ಚಹಾದ ನೀರು ಕುದಿಯುವ ಹೊತ್ತಿಗೆ ಅಕ್ಕ ಬಂದಳು. ಕೈಚೀಲ ಇಟ್ಟು, ಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯ ಭಜನೆ ನನಗೆ ಕೇಳಿಸುತ್ತಿತ್ತು. ಅವಳಿಗೆ ಕೇಳಿಸುತ್ತಿತ್ತೋ ಇಲ್ಲವೋ.

"ಹೇಳಿದ್ದಿ ಹೌದಿಲ್ಲ?"

ನಾನು ಪಾತ್ರೆ ನೋಡುತ್ತಲೇ, "ಹೇಳಿದ್ದೆ," ಎಂದೆ.

"ಹಾಂ? ಕೇಳಲಿಲ್ಲ. ಈ ಕಡೆ ನೋಡಿ ಹೇಳು." ಹತ್ತಿರ ಬಂದಳು. "ನಂಬಿದ್ರೇನು?"

ನೆಲ ನೋಡಿ ಮಾತನಾಡಿದರೆ ನನ್ನ ಅಕ್ಕನಿಗೆ ಕೇಳಿಸುವುದಿಲ್ಲ. ಒಲೆ ಸಣ್ಣ ಮಾಡಿ, ಅವಳ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

"ನಂಬಿದ್ರು."